ಮಲ್ಪೆಯ ಪ್ಯಾಕೇಜ್ ಕಲಬುರಗಿಯಲ್ಲಿ ನಡೆಯುತ್ತಾ?

ಈ ಸಲ ಬಂದ ಪತ್ರಗಳಲ್ಲಿ ಬಹಳಷ್ಟು ಸ್ಟುಡಿಯೊದವರದ್ದೇ. ಫೋಟೊನೂ ತೆಗೆದು ವೆಬ್‌ಸೈಟೂ ಮಾಡಿ ಕೊಡುವ ಸಣ್ಣ ಅಂಗಡಿಗಳವರು, ಇಲ್ಲವೇ ಅಂಥದ್ದೊಂದು ಇಡಬೇಕು ಅಂತ ಓಡಾಡುತ್ತಿರುವವರು. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನಾನು ಉಡುಪಿ ಕಡೆ, ಮಲ್ಪೆ ಹತ್ತಿರ ಒಂದು ಸಣ್ಣ ಸ್ಟುಡಿಯೊದಲ್ಲಿ ಕೆಲಸಕ್ಕಿದ್ದೆ. ಹೋಮ್‌ಸ್ಟೇ, ರೆಸಾರ್ಟ್, ಮೀನೂಟದ ಹೋಟೆಲ್‌ಗಳ ಫೋಟೊ ತೆಗೆದು ನಾವೇ ಸೈಟ್ ಮಾಡಿ ಕೊಡುತ್ತಿದ್ದೆವು. ಫೋಟೊ, ಸೈಟ್, ಒಂದು ವರ್ಷದ ಹೋಸ್ಟಿಂಗ್ (ಸೈಟ್ ಇಡುವ ಸರ್ವರ್ ಜಾಗ) ಎಲ್ಲ ಸೇರಿ ಒಂದೇ ಪ್ಯಾಕೇಜ್. ಈಗ ಮನೆ ನೋಡಿಕೊಳ್ಳಬೇಕು ಅಂತ ವಾಪಸ್ ಬಂದಿದ್ದೇನೆ. ಅದನ್ನೇ ಕಲಬುರಗಿಯಲ್ಲಿ ಶುರು ಮಾಡಿದರೆ ನಡೆಯುತ್ತಾ?
(ಓದುಗ, ಶಹಾಪುರ)

ಉತ್ತರ: ಕೆಲಸ ನಡೆಯುತ್ತದೆ. ಆ ಪ್ಯಾಕೇಜ್ ನಡೆಯುವುದಿಲ್ಲ.

ಅಲ್ಲಿ ಅದು ಯಾಕೆ ನಡೆಯಿತು ಅಂತ ನೋಡಿ. ಹೋಮ್‌ಸ್ಟೇ ನಡೆಸುವವರಿಗೆ ಬುಕಿಂಗ್ ಆ್ಯಪ್‌ಗಳು ಪ್ರತಿ ರೂಮಿಗೆ ಕಮಿಷನ್ ಹಿಡಿಯುತ್ತವೆ. ಸ್ವಂತ ಸೈಟ್‌ನಿಂದ ನಾಲ್ಕು ಬುಕಿಂಗ್ ಬಂದರೂ ಅವರಿಗೆ ಲಾಭ ಕಣ್ಣಿಗೆ ಕಾಣುತ್ತದೆ. ದೂರದ ಊರಿನವರು ಫೋಟೊ ನೋಡಿಯೇ ರೂಮ್ ಹಿಡಿಯುತ್ತಾರೆ, ಅಲ್ವಾ? ಸಮುದ್ರ, ತೆಂಗು, ಸಂಜೆ ಬೆಳಕು ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಕಲಬುರಗಿಯ ದಾಲ್ ಮಿಲ್ ಮಾಲೀಕರಿಗೆ ಇದ್ಯಾವುದೂ ಬೇಕಿಲ್ಲ. ಅವರ ವ್ಯಾಪಾರ ಫೋನಿನಲ್ಲಿ, ಅದೂ ಅಪ್ಪನ ಕಾಲದಿಂದ ಗೊತ್ತಿರುವ ದಲ್ಲಾಳಿಗಳ ಜೊತೆ. ಹೊಸ ಊರಿನ ವ್ಯಾಪಾರಿಯೊಬ್ಬ ಹೆಸರು ಹುಡುಕಿದಾಗ "ಈ ಮಿಲ್ ನಿಜವಾಗಿ ಇದೆ, ಇವರ ಮಾಲು ಹೀಗಿದೆ" ಅಂತ ಕಾಣಬೇಕು, ಅಷ್ಟೇ. ಅವರಿಗೆ ನಾಲ್ಕು ಪುಟ ಸಾಕು. ಮಿಲ್‌ನ ಒಳಗಿನ ಒಳ್ಳೆ ಫೋಟೊ, ಬೇಳೆಯ ಫೋಟೊ, ಪ್ಯಾಕಿಂಗ್ ಅಳತೆ, 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಪರವಾನಗಿ) ನಂಬರ್, ವಾಟ್ಸಾಪ್ ಬಟನ್. ಸ್ಲೈಡರ್, ಡ್ರೋನ್ ವಿಡಿಯೊ, ಬುಕಿಂಗ್ ಕ್ಯಾಲೆಂಡರ್ ಹಚ್ಚಿ ದರ ಏರಿಸಿದರೆ "ಇದೆಲ್ಲಾ ಯಾರ್ ನೋಡ್ತಾರ್ರಿ?" ಅಂತಾರೆ. ಆ ಮಾತು ಸರಿಯೇ.

ಇನ್ನು ಬೇಳೆಯ ಫೋಟೊ. ಇದರಲ್ಲಿ ಸ್ವಲ್ಪ ಹುಷಾರಾಗಿರಿ. ಹಳದಿ ಬಣ್ಣ ಕ್ಯಾಮೆರಾದಲ್ಲಿ ಬೇಗ ಉಕ್ಕುತ್ತದೆ, ಮೇಲಿಂದ ಎಡಿಟಿಂಗ್‌ನಲ್ಲಿ ಸ್ಯಾಚುರೇಶನ್ (ಬಣ್ಣದ ಗಾಢತೆ) ಎಳೆದರೆ ಬೇಳೆ ಲಿಂಬೆಹಣ್ಣಿನ ಹಾಗೆ ಕಾಣುತ್ತದೆ. ನೋಡಿದವರಿಗೆ ಬಣ್ಣ ಹಾಕಿದ್ದಾರೆ ಅಂತ ಅನುಮಾನ. ಪಾಲಿಶ್ ಮಾಡದ ಬೇಳೆ ಮಿಂಚುವುದಿಲ್ಲ, ಮಿಂಚಿಸಲೂ ಬಾರದು. ಗೋಣಿಚೀಲದ ಮೇಲೆ ಹರಡಿ, ಒಂದು ಪಕ್ಕದಿಂದ ಕಿಟಕಿ ಬೆಳಕು ಬೀಳಲಿ. ಪ್ರತಿ ಕಾಳಿನ ಅಂಚು ಕಾಣುತ್ತದೆ. ವೈಟ್ ಬ್ಯಾಲೆನ್ಸ್ (ಬಿಳಿಯನ್ನು ಬಿಳಿಯಾಗಿಯೇ ತೋರಿಸುವ ಹೊಂದಾಣಿಕೆ) ಆಟೊ ಬೇಡ, ಒಂದು ಬಿಳಿ ಹಾಳೆ ಇಟ್ಟು ಕೈಯಿಂದಲೇ ಹೊಂದಿಸಿ, ಯಾಕಂದರೆ ಚೌಕಟ್ಟಿನ ತುಂಬಾ ಹಳದಿ ಇದ್ದರೆ ಕ್ಯಾಮೆರಾ ಅದನ್ನು ತಗ್ಗಿಸಲು ಹೋಗಿ ನೀಲಿ ಕಡೆ ಎಳೆದುಬಿಡುತ್ತದೆ. ಹಾಗೇ ಇನ್ನೊಂದು ಮಾತು. ನಮ್ಮ ತೊಗರಿ ಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ಹಾಗಂತ ಎಲ್ಲ ಮಿಲ್‌ನ ಸೈಟ್ ಮೇಲೂ ಜಿಐ ಗುರುತು ಹಾಕುವಂತಿಲ್ಲ. ಅಧಿಕೃತ ಬಳಕೆದಾರ ಅಂತ ನೋಂದಣಿ ಆದವರಿಗೆ ಮಾತ್ರ ಆ ಹಕ್ಕು. ಮಾಲೀಕರನ್ನು ಮೊದಲು ಕೇಳಿ, ನೋಂದಣಿ ಕಾಗದ ನೋಡಿ, ಆಮೇಲೆ ಹಾಕಿ.

ವರ್ಷದ ಲೆಕ್ಕವೂ ಬೇರೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್, ಮಳೆಗಾಲದಲ್ಲಿ ಸೇಂಟ್ ಮೇರೀಸ್ ದ್ವೀಪದ ಬೋಟೂ ಇಲ್ಲ. ಅಲ್ಲಿ ನೀವು ಆಗ ಸೈಟ್ ಕೆಲಸ ಮಾಡಿಕೊಂಡು, ಮಳೆ ನಿಂತ ಮೇಲೆ ಕ್ಯಾಮೆರಾ ಹೊರಗೆ ತೆಗೆದಿರುತ್ತೀರಿ. ನಮ್ಮಲ್ಲಿ ತೊಗರಿ ಕೊಯ್ಲು ಡಿಸೆಂಬರ್, ಜನವರಿ. ಮಾಲು ಮಾರಿ ರೊಕ್ಕ ಕೈಗೆ ಬಂದ ಮೇಲೆ ಊರಿನಲ್ಲಿ ಎಲ್ಲದಕ್ಕೂ ಜೀವ ಬರುತ್ತದೆ, ಮದುವೆಗೂ, ಹೊಸ ಅಂಗಡಿಗೂ. ಏಪ್ರಿಲ್, ಮೇನಲ್ಲಿ ನೆತ್ತಿ ಸುಡುವ ಬಿಸಿಲು, ಅದೇ ಹೊತ್ತಿಗೆ ಮದುವೆಗಳ ಜಾತ್ರೆ. ಆಷಾಢ ಬಂತು ಅಂದರೆ ಕೆಲವು ಸ್ಟುಡಿಯೊದವರು ಕೈಕಟ್ಟಿ ಕೂರುತ್ತಾರೆ. ನನಗೆ ಇದು ಇವತ್ತಿಗೂ ಅರ್ಥವಾಗಿಲ್ಲ. ಕಲಬುರಗಿ, ಬೀದರ್‌ನಲ್ಲಿ ಮುಸ್ಲಿಂ ಮನೆತನಗಳು ಎಷ್ಟಿವೆ! ಅವರಿಗೆ ಆಷಾಢದ ಲೆಕ್ಕವೇ ಇಲ್ಲ. ಅವರು ಸಾಮಾನ್ಯವಾಗಿ ಮೊಹರಂ, ರಂಜಾನ್ ತಿಂಗಳು ಬಿಡುತ್ತಾರೆ, ಅದು ವರ್ಷಕ್ಕೆ ಸುಮಾರು 11 ದಿನ ಹಿಂದೆ ಹಿಂದೆ ಸರಿಯುತ್ತಾ ಹೋಗುತ್ತದೆ. ಎರಡೂ ಪಂಚಾಂಗ ಗೋಡೆಗೆ ತೂಗು ಹಾಕಿ. ಉರ್ದು ಟೈಪ್ ಮಾಡುವ ಒಬ್ಬರನ್ನು ಪರಿಚಯ ಮಾಡಿಕೊಳ್ಳಿ. ಉರ್ದು ಪುಟ ಬಲದಿಂದ ಎಡಕ್ಕೆ ಓಡುತ್ತದೆ, ಮೆನು, ಬಟನ್, ಬಾಣದ ಗುರುತು ಎಲ್ಲ ತಿರುಗಬೇಕು. ಬರೀ ಅಕ್ಷರ ಬದಲಿಸಿ ಕೊಟ್ಟರೆ ನೋಡಿದವರು ನಗುತ್ತಾರೆ. ಕನ್ನಡ, ಉರ್ದು ಎರಡನ್ನೂ ಸರಿಯಾಗಿ ಮಾಡುವ ಸ್ಟುಡಿಯೊ ಇದ್ದರೆ ಗಿರಾಕಿಗಳೇ ಒಬ್ಬರಿಗೊಬ್ಬರು ಹೇಳಿ ಕಳಿಸುತ್ತಾರೆ.

ಕ್ಯಾಮೆರಾ ಬಗ್ಗೆ: ಅಲ್ಲಿ ನಿಮ್ಮ ಶತ್ರು ಲೆನ್ಸ್ ಒಳಗೆ ಬೆಳೆಯುವ ಫಂಗಸ್, ಉಪ್ಪುಗಾಳಿ. ಇಲ್ಲಿ ಧೂಳು, ಬಿಸಿಲು. ಜಾತ್ರೆಯ ಬಯಲಿನಲ್ಲಿ ನಿಂತು ಲೆನ್ಸ್ ಬದಲಿಸಬೇಡಿ, ಸೆನ್ಸರ್ ಮೇಲೆ ಕೂತ ಧೂಳು ಆಕಾಶ ಇರುವ ಪ್ರತಿ ಫೋಟೊದಲ್ಲೂ ಕಪ್ಪು ಚುಕ್ಕಿಯಾಗಿ ಬರುತ್ತದೆ. ಮೇ ತಿಂಗಳಲ್ಲಿ ಬ್ಯಾಟರಿಯನ್ನು ಕಾರಿನಲ್ಲಿ ಬಿಟ್ಟು ಊಟಕ್ಕೆ ಹೋಗಬೇಡಿ. ಅಲ್ಲಿಂದ ಡ್ರೈ ಕ್ಯಾಬಿನೆಟ್ (ಕ್ಯಾಮೆರಾಕ್ಕೆ ತೇವ ತಾಗದ ಹಾಗೆ ಇಡುವ ಪೆಟ್ಟಿಗೆ) ತಂದಿದ್ದರೆ ಮಾರಬೇಡಿ, ನಮ್ಮ ಮಳೆಗಾಲಕ್ಕೂ ಬೇಕಾಗುತ್ತದೆ.

ಪ್ರಶ್ನೆ: ನಮ್ಮದು ಬಿದರಿ ಕೆಲಸದ ಮನೆತನ. ಆನ್‌ಲೈನ್‌ನಲ್ಲಿ ಮಾರಬೇಕು ಅಂತ ತಮ್ಮ ಫೋಟೊ ತೆಗೆಯುತ್ತಾನೆ. ಹೂದಾನಿ ಕಪ್ಪಗಿರುವುದು ಬೂದಿ ಬಣ್ಣ ಬರುತ್ತೆ, ಬೆಳ್ಳಿ ಕುಸುರಿ ಇರುವಲ್ಲಿ ಬರೀ ಬಿಳಿ ಮಚ್ಚೆ. ಫ್ಲ್ಯಾಶ್ ಹಾಕಿದರೆ ಇನ್ನೂ ಹಾಳು. ಪೊಲರೈಸರ್ ಫಿಲ್ಟರ್ ತಗೊಳ್ಳಿ ಅಂತ ಅಂಗಡಿಯವರು ಹೇಳಿದರು. ತಗೊಳ್ಳೋದಾ?
(ಓದುಗರು, ಬೀದರ್)

ಉತ್ತರ: ಈಗಲೇ ಬೇಡ. ಪೊಲರೈಸರ್ ನೀರು, ಗಾಜು, ಎಲೆಯ ಮೇಲಿನ ಹೊಳಪನ್ನು ಕಡಿಮೆ ಮಾಡುತ್ತದೆ. ಲೋಹದ ಹೊಳಪಿನ ಮೇಲೆ ಅದೊಂದೇ ಕೆಲಸ ಮಾಡುವುದಿಲ್ಲ, ದೀಪದ ಮುಂದೆಯೂ ಪೊಲರೈಸರ್ ಹಾಳೆ ಹಚ್ಚಬೇಕಾಗುತ್ತದೆ. ಅದಕ್ಕಿಂತ ಕಡಿಮೆ ಖರ್ಚಿನ ದಾರಿ ನಿಮ್ಮ ಮನೆಯಲ್ಲೇ ಇದೆ.

ನಿಮಗೆ ಬಿದರಿ ಬಗ್ಗೆ ನಾನು ಹೇಳುವುದು ಏನೂ ಇಲ್ಲ. ಆದರೆ ಬೇರೆ ಓದುಗರಿಗಾಗಿ ಒಂದೆರಡು ಮಾತು. ಸತು ಜಾಸ್ತಿ, ತಾಮ್ರ ಸ್ವಲ್ಪ ಸೇರಿಸಿ ಎರಕ ಹೊಯ್ದ ಪಾತ್ರೆಯ ಮೇಲೆ ಕುಸುರಿ ಕೊರೆದು, ಆ ಗೀರುಗಳಲ್ಲಿ ಬೆಳ್ಳಿ ತಂತಿ ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ ಕಲಸಿದ ನೀರಿನಲ್ಲಿ ಬಿಸಿ ಮಾಡಿದಾಗ ಪಾತ್ರೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಉಳಿಯುತ್ತದೆ. ಮೇಲೆ ಎಣ್ಣೆ ಕೈ. ಅಂದರೆ ಒಂದೇ ವಸ್ತುವಿನಲ್ಲಿ ಅಚ್ಚ ಕಪ್ಪು, ಅಚ್ಚ ಬಿಳುಪು, ಎರಡೂ ಹೊಳೆಯುವಂಥವು. ಕ್ಯಾಮೆರಾಕ್ಕೆ ಇದಕ್ಕಿಂತ ಕಷ್ಟದ ಪರೀಕ್ಷೆ ಇಲ್ಲ.

ಹೊಳೆಯುವ ವಸ್ತುವಿನ ಫೋಟೊ ಅಂದರೆ ಅದರಲ್ಲಿ ಕಾಣುವ ಕೋಣೆಯ ಫೋಟೊ. ನಿಮ್ಮ ತಮ್ಮ ತೆಗೆದ ಫೋಟೊ ದೊಡ್ಡದು ಮಾಡಿ ನೋಡಿ, ಹೂದಾನಿಯ ಹೊಟ್ಟೆಯಲ್ಲಿ ಕಿಟಕಿ, ಟ್ಯೂಬ್‌ಲೈಟ್, ಅವನ ಅಂಗಿ ಎಲ್ಲ ಕಾಣುತ್ತಿರಬೇಕು. ಫ್ಲ್ಯಾಶ್ ಪೂರ್ತಿ ಬಂದ್ ಮಾಡಿ. ಉತ್ತರ ದಿಕ್ಕಿನ ಕಿಟಕಿ ಇದ್ದರೆ ಅದರ ಪಕ್ಕ ಮೇಜು ಹಾಕಿ, ಕಿಟಕಿಗೆ ತೆಳ್ಳನೆಯ ಬಿಳಿ ಧೋತರ ಕಟ್ಟಿ. ಬಣ್ಣದ್ದು ಬೇಡ, ಅಂಚೂ ಇರಬಾರದು, ಅಂಚಿನ ಗೆರೆ ಬೆಳ್ಳಿಯಲ್ಲಿ ಮೂಡುತ್ತದೆ. ಎದುರು ಬದಿಗೆ ಬಿಳಿ ಥರ್ಮಾಕೋಲ್ ಹಲಗೆ. ಈಗ ಬೆಳ್ಳಿ ಎಳೆ ಒಂದೇ ಸಮ ಬೆಳಗುತ್ತದೆ, ಮಚ್ಚೆ ಬರುವುದಿಲ್ಲ. ಆದರೆ ಕಪ್ಪು ಭಾಗ ಸಪ್ಪೆಯಾಗಬಹುದು. ಅದಕ್ಕೆ ಕಪ್ಪು ಡ್ರಾಯಿಂಗ್ ಶೀಟನ್ನು ಉದ್ದ ಪಟ್ಟಿ ಮಾಡಿ, ಚೌಕಟ್ಟಿನಲ್ಲಿ ಕಾಣದ ಹಾಗೆ ಹೂದಾನಿಯ ಎರಡೂ ಪಕ್ಕ ನಿಲ್ಲಿಸಿ. ಅಂಚು ಕಡುಕಪ್ಪಾಗಿ, ದುಂಡಗಿನ ಆಕಾರ ಎದ್ದು ಬರುತ್ತದೆ. ತಮ್ಮನಿಗೆ ಕಪ್ಪು ಅಂಗಿ ಹಾಕಿಕೊಳ್ಳಲು ಹೇಳಿ.

ಬೂದಿ ಬಣ್ಣದ ಕಾರಣ ಬೇರೆ. ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಏನೇ ನೋಡಿದರೂ ಅದನ್ನು ನಡುಬಣ್ಣಕ್ಕೆ ತರಲು ಹೋಗುತ್ತದೆ. ಕಪ್ಪು ಕಂಡರೆ "ಕತ್ತಲಾಯಿತು" ಅಂದುಕೊಂಡು ಬೆಳಕು ಜಾಸ್ತಿ ಬಿಡುತ್ತದೆ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಬೆಳಕು ಹೆಚ್ಚು ಕಡಿಮೆ ಮಾಡುವ ಗುಂಡಿ) ಮೈನಸ್ ಒಂದಕ್ಕೆ ಇಳಿಸಿ ನೋಡಿ, ಬೆಳ್ಳಿಯಲ್ಲಿ ಕುಸುರಿ ಕಾಣುವವರೆಗೆ ಇನ್ನೂ ಸ್ವಲ್ಪ ಇಳಿಸಿ. ಮೊಬೈಲ್‌ನಲ್ಲಾದರೆ ಪರದೆ ಒತ್ತಿ ಹಿಡಿದು ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ.

ಫೋಟೊ ತೆಗೆಯುವ ಮೊದಲು ಎಣ್ಣೆಯನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಪ್ರತಿ ವಸ್ತುವಿಗೂ ಒಂದು ಫೋಟೊ ಕೈಯಲ್ಲಿ ಹಿಡಿದದ್ದು ಇರಲಿ, ಇಲ್ಲದಿದ್ದರೆ ಕೊಂಡವರು "ಇಷ್ಟು ಚಿಕ್ಕದಾ?" ಅಂತ ವಾಪಸ್ ಕಳಿಸುತ್ತಾರೆ. ಕೆಲಸ ಮಾಡುವವರ ಕೈ, ಉಳಿ, ಅರ್ಧ ಕೂರಿಸಿದ ತಂತಿ, ಇದೊಂದು ಫೋಟೊ ಸೈಟ್‌ನ ಮೊದಲ ಪುಟದಲ್ಲಿ ಹಾಕಿ. ಅಚ್ಚಿನಲ್ಲಿ ಒತ್ತಿದ ನಕಲಿ ಮಾಲು ಮಾರುವವರ ಹತ್ತಿರ ಆ ಫೋಟೊ ಇರುವುದಿಲ್ಲ.

ಪ್ರಶ್ನೆ: ಒಂದು ಮಠದ ಸೈಟ್ ಮಾಡುತ್ತಿದ್ದೇನೆ. ಇತಿಹಾಸ, ಪೂಜೆಯ ವಿವರ ಎಲ್ಲ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಸಿ ಕೊಟ್ಟಿದ್ದಾರೆ. ಸೈಟ್‌ಗೆ ಹಾಕಿದರೆ ಇಂಗ್ಲಿಷ್ ಅಕ್ಷರದ ಮೇಲೆ ಕೊಂಬು, ಚುಕ್ಕಿ ಬಂದು ಏನೂ ಓದಲಾಗುತ್ತಿಲ್ಲ. ಎಲ್ಲದರ ಸ್ಕ್ರೀನ್‌ಶಾಟ್ ತೆಗೆದು ಚಿತ್ರವಾಗಿ ಹಾಕಿಬಿಡಲಾ?
(ಓದುಗ, ಸೇಡಂ)

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಚಿತ್ರ ಮಾಡಿ ಹಾಕಿದರೆ ಗೂಗಲ್‌ನಲ್ಲಿ ಹುಡುಕಿದವರಿಗೆ ಸಿಗುವುದು ಕಷ್ಟ, ಮೊಬೈಲ್‌ನಲ್ಲಿ ಅಕ್ಷರ ಇರುವೆ ಗಾತ್ರ, ಕಣ್ಣು ಕಾಣದವರ ಫೋನು ಅದನ್ನು ಸರಿಯಾಗಿ ಓದಿ ಹೇಳುವುದಿಲ್ಲ.

ಹಳೆ ನುಡಿ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿಕೊಂಡಿವೆ. ಆ ಫಾಂಟ್ ಇಲ್ಲದ ಕಡೆ ಒಳಗಿನ ಇಂಗ್ಲಿಷ್ ಅಕ್ಷರ ಹೊರಗೆ ಬೀಳುತ್ತದೆ. ಯುನಿಕೋಡ್‌ಗೆ, ಅಂದರೆ ಎಲ್ಲ ಫೋನು, ಕಂಪ್ಯೂಟರ್‌ಗೂ ಅರ್ಥವಾಗುವ ಅಕ್ಷರ ಸಂಕೇತಕ್ಕೆ, ಬದಲಿಸುವ ಕನ್ವರ್ಟರ್‌ಗಳು ಪುಕ್ಕಟೆ ಸಿಗುತ್ತವೆ, ಅದರಲ್ಲಿ ಹಾಕಿ ತೆಗೆಯಿರಿ. ಆದರೆ ಕನ್ವರ್ಟರ್ ಕೊಟ್ಟದ್ದನ್ನು ಕಣ್ಣು ಮುಚ್ಚಿ ಅಂಟಿಸಬೇಡಿ. ಕಡತದ ಮಧ್ಯೆ ಇಂಗ್ಲಿಷ್‌ನಲ್ಲಿದ್ದ ಇಮೇಲ್ ವಿಳಾಸ, ಬ್ಯಾಂಕಿನ ಐಎಫ್‌ಎಸ್‌ಸಿ ಕೋಡ್ ಕೂಡ ಕನ್ನಡವಾಗಿ ತಿರುಗಿ ಅರ್ಥವಿಲ್ಲದ ಅಕ್ಷರ ಆಗಿರುತ್ತವೆ. ದೇಣಿಗೆ ಕೊಡುವವರು ಪರದಾಡುತ್ತಾರೆ. ಅರ್ಕಾವೊತ್ತು, ದೀರ್ಘ ಎಲ್ಲಿ ಕೂತಿವೆ ನೋಡಿ. "ಸ್ತ್ರೀ", "ರಾಷ್ಟ್ರ", "ಕಾರ್ಯ" ಈ ಮೂರು ಸರಿ ಬಂದಿದ್ದರೆ ಬಹುತೇಕ ಉಳಿದದ್ದೂ ಸರಿ ಇರುತ್ತದೆ. ಆಮೇಲೆ ಮಠದಲ್ಲಿ ಚೆನ್ನಾಗಿ ಕನ್ನಡ ಬಲ್ಲ ಒಬ್ಬರ ಕೈಯಲ್ಲಿ ಪ್ರಿಂಟ್ ಕೊಟ್ಟು ಓದಿಸಿ, ಸಹಿ ಹಾಕಿಸಿಕೊಳ್ಳಿ.

ಫಾಂಟ್‌ಗೆ ನೋಟೊ ಸಾನ್ಸ್ ಕನ್ನಡ ಇಲ್ಲವೇ ಅನೇಕ್ ಕನ್ನಡ ಚೆನ್ನಾಗಿವೆ, ದುಡ್ಡು ಕೊಡಬೇಕಿಲ್ಲ. ತಲೆಬರಹಕ್ಕೆ ಬಾಲೂ ತಮ್ಮ. ಇಂಗ್ಲಿಷ್ ಟೆಂಪ್ಲೇಟ್‌ನ ಸಾಲಿನ ಅಂತರ ಕನ್ನಡಕ್ಕೆ ಸಾಲುವುದಿಲ್ಲ, ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಂತರವನ್ನು ಅಕ್ಷರದ ಗಾತ್ರದ 1.6ರಿಂದ 1.8 ಪಟ್ಟಿನವರೆಗೆ ಏರಿಸಿ.

ಪ್ರಶ್ನೆ: ಒಂದು ವ್ಯಾಪಾರಿ ಸಂಸ್ಥೆಗೆ ಫೋಟೊ, ಸೈಟ್ ಎರಡೂ ಮಾಡಿ ಕೊಟ್ಟೆ. "ಅಣ್ಣಾ, ನೀ ಚಾಲೂ ಮಾಡು, ರೊಕ್ಕ ಎಲ್ಲಿ ಹೋಗ್ತಾವ" ಅಂದರು. ಈಗ ಫೋನ್ ಎತ್ತುತ್ತಿಲ್ಲ. ಡೊಮೇನ್ (ಸೈಟ್‌ನ ವಿಳಾಸ) ನನ್ನ ಹೆಸರಿನಲ್ಲೇ ಇದೆ, ಸೈಟ್ ಬಂದ್ ಮಾಡಲಾ?
(ಓದುಗ, ಕಲಬುರಗಿ)

ಉತ್ತರ: ಸಿಟ್ಟು ಬರುವುದು ಸಹಜ. ಬಂದ್ ಮಾಡಿದರೆ ನಾಳೆ ಇಡೀ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ನಿಮ್ಮದೇ ಕಥೆ, ಅವರ ಬಾಕಿಯ ಕಥೆ ಯಾರೂ ಹೇಳುವುದಿಲ್ಲ.

ನೀವು ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಮಾಡಿಸಿದ್ದೀರಾ? ಸರ್ಕಾರದ ಪೋರ್ಟಲ್‌ನಲ್ಲಿ ಪುಕ್ಕಟೆ ಆಗುತ್ತದೆ, ದುಡ್ಡು ಕೇಳುವ ಏಜೆಂಟ್ ಬೇಕಿಲ್ಲ. ನೋಂದಣಿ ಇರುವ ಸಣ್ಣ ಉದ್ಯಮಕ್ಕೆ ಬಾಕಿ ಕೊಡಬೇಕಾದ ವ್ಯಾಪಾರಿ, ಬರಹದಲ್ಲಿ ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ, ಒಪ್ಪಂದ ಇದ್ದರೆ ಅದರಲ್ಲಿ ಬರೆದ ದಿನದೊಳಗೆ ಕೊಡಬೇಕು. ಆ ಒಪ್ಪಂದವೂ 45 ದಿನ ಮೀರುವಂತಿಲ್ಲ. ತಡವಾದರೆ ಆರ್‌ಬಿಐನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಇದು 2006ರ ಎಂಎಸ್‌ಎಂಇ (ಸಣ್ಣ ಉದ್ಯಮಗಳ) ಕಾಯ್ದೆಯಲ್ಲಿದೆ, ದೂರು ಕೇಳಲು ಫೆಸಿಲಿಟೇಶನ್ ಕೌನ್ಸಿಲ್ ಇದೆ. ಕೆಲಸ ಒಪ್ಪಿಕೊಳ್ಳುವ ಮೊದಲೇ ನೋಂದಣಿ ಆಗಿದ್ದರೆ ತಕರಾರು ಕಡಿಮೆ. ನಿಮ್ಮದು ಆಗಿದ್ದರೆ ಈ ನಿಯಮ ಬರೆದು, ಬಿಲ್ ಜೊತೆ ಒಂದು ರಿಜಿಸ್ಟರ್ಡ್ ಪತ್ರ ಹಾಕಿ. ಎಷ್ಟೋ ಸಲ ಕೌನ್ಸಿಲ್‌ವರೆಗೆ ಹೋಗುವುದೇ ಬೇಡ, ಅವರ ಆಡಿಟರೇ "ಕೊಟ್ಟುಬಿಡಿ" ಅಂತಾರೆ.

ಮುಂದಿನ ಗಿರಾಕಿಗೆ ಅರ್ಧ ಮುಂಗಡ ಇಲ್ಲದೆ ಕ್ಯಾಮೆರಾ ಬ್ಯಾಗ್ ತೆಗೆಯಬೇಡಿ. ಸೈಟನ್ನು ನಿಮ್ಮ ಪರೀಕ್ಷಾ ವಿಳಾಸದಲ್ಲಿ ತೋರಿಸಿ, ಬಾಕಿ ಬಂದ ದಿನ ಅವರ ಡೊಮೇನ್‌ಗೆ ಹಾಕಿ. ಡೊಮೇನ್ ಮಾತ್ರ ಮೊದಲ ದಿನದಿಂದಲೇ ಗಿರಾಕಿಯ ಹೆಸರು, ಗಿರಾಕಿಯ ಇಮೇಲ್‌ನಲ್ಲಿ ಇರಲಿ. ನಿಮ್ಮ ಹೆಸರಲ್ಲಿ ಇಟ್ಟುಕೊಂಡರೆ ಅದು ಜಗಳಕ್ಕೇ ದಾರಿ, ಮೇಲಿಂದ ಪ್ರತಿ ವರ್ಷ ರಿನೀವಲ್ ನೆನಪಿಡುವ ಕರ್ಮ ನಿಮ್ಮದೇ.

ಪ್ರಶ್ನೆ: ಅಕ್ಕಾ, ಮದುಮಗಳ ಫೋಟೊ ಚೆನ್ನಾಗಿ ಬಂದಿತ್ತು, ಸ್ಟುಡಿಯೊದ ಸೈಟ್‌ನಲ್ಲಿ ಹಾಕಿದೆ. ಅವರ ಮನೆಯವರು ಜಗಳಕ್ಕೆ ಬಂದರು. ನಾನು ತೆಗೆದ ಫೋಟೊ ನನ್ನದೇ ಅಲ್ವಾ?
(ಓದುಗ, ಯಾದಗಿರಿ)

ಉತ್ತರ: ಅಲ್ಲ ತಮ್ಮಾ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೊದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದ್ದೇ. ಈಗ ಆ ಫೋಟೊ ತೆಗೆದುಬಿಡಿ. ಮುಂದೆ ಬುಕಿಂಗ್ ರಸೀದಿಯ ಹಿಂದೆಯೇ "ಈ ಮದುವೆಯ ಫೋಟೊಗಳನ್ನು ಸ್ಟುಡಿಯೊದ ಪ್ರಚಾರಕ್ಕೆ ಬಳಸಲು ಒಪ್ಪಿಗೆ ಇದೆ / ಇಲ್ಲ" ಅಂತ ಅಚ್ಚು ಹಾಕಿಸಿ ಗೀರು ಹೊಡೆಸಿಕೊಳ್ಳಿ. ಒಪ್ಪಿಗೆ ಇದ್ದರೂ ಹಾಕುವ ಮೊದಲು ಮದುಮಗಳಿಗೇ ಆ ಫೋಟೊ ತೋರಿಸಿ. ಅಪ್ಪ ಸಹಿ ಹಾಕಿದ್ದಾರೆ ಅಂತ ಮಗಳಿಗೆ ಇಷ್ಟವಿಲ್ಲದ್ದು ಊರೆಲ್ಲ ನೋಡುವುದು ಸರಿಯಲ್ಲ.

ಸೈಟ್ ಲೆಕ್ಕ ಇದಕ್ಕೆ ಉಲ್ಟಾ. ಹೊರಗಿನಿಂದ ಕೆಲಸ ಮಾಡಿ ಕೊಟ್ಟ ಡಿಸೈನರ್ ಬರೆದ ಕೋಡ್, ಬರಹದಲ್ಲಿ ಹಕ್ಕು ಬರೆದು ಕೊಡುವವರೆಗೆ, ಡಿಸೈನರ್‌ದೇ. ಫೋಟೊ ಅವರದ್ದು, ಕೋಡ್ ನಿಮ್ಮದು. ಎರಡನ್ನೂ ಒಂದೇ ಕಾಗದದಲ್ಲಿ ಸ್ಪಷ್ಟವಾಗಿ ಬರೆಯದಿದ್ದರೆ ಆಮೇಲೆ ತಲೆನೋವು.

ಪ್ರಶ್ನೆ: ಸೊಲ್ಲಾಪುರದ ಅಂಗಡಿಯೊಂದಕ್ಕೆ ಸೈಟ್ ಮಾಡಿ ಕೊಡಬೇಕು. ಬೇರೆ ರಾಜ್ಯ ಅಂದರೆ ಜಿಎಸ್‌ಟಿ ಕಡ್ಡಾಯವಾ?
(ಓದುಗ, ಆಳಂದ)

ಉತ್ತರ: ಸೇವೆ ಮಾತ್ರ ಕೊಡುತ್ತಿದ್ದು ವರ್ಷದ ಒಟ್ಟು ವಹಿವಾಟು 20 ಲಕ್ಷ ದಾಟದಿದ್ದರೆ ಬೇಡ, ಗಿರಾಕಿ ಪಕ್ಕದ ರಾಜ್ಯದವರಾದರೂ ಸರಿ. ಫ್ರೇಮ್, ಆಲ್ಬಮ್ ಅಂತ ವಸ್ತುಗಳನ್ನೇ ಗಡಿ ದಾಟಿಸಿ ಮಾರುವುದಿದ್ದರೆ ನಿಯಮ ಬೇರೆ, ಆಡಿಟರ್ ಹತ್ತಿರ ಕೂತು ಕೇಳಿ. ಫೋನ್‌ಪೇಯಲ್ಲಿ ಬಂದದ್ದು ಲೆಕ್ಕಕ್ಕಿಲ್ಲ ಅಂದುಕೊಳ್ಳಬೇಡಿ. 2025ರ ಜುಲೈನಲ್ಲಿ ರಾಜ್ಯದಲ್ಲಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದದ್ದು ಯುಪಿಐ ಲೆಕ್ಕ ನೋಡಿಯೇ. ಮನೆ ಖರ್ಚಿಗೊಂದು, ಸ್ಟುಡಿಯೊಗೊಂದು ಖಾತೆ ಇರಲಿ.

ಪ್ರಶ್ನೆ: ಡ್ರೋನ್ ತಗೊಂಡಿದ್ದೇನೆ. ಬೀದರ್ ಕೋಟೆಯಲ್ಲಿ ಪ್ರೀ ವೆಡ್ಡಿಂಗ್ ಶೂಟ್ ಮಾಡಬಹುದಾ?
(ಓದುಗ, ಹುಮನಾಬಾದ್)

ಉತ್ತರ: ಡ್ರೋನ್ ಮನೆಯಲ್ಲೇ ಇರಲಿ. ಬೀದರ್‌ನಲ್ಲಿ ವಾಯುಪಡೆಯ ತರಬೇತಿ ಕೇಂದ್ರ ಇದೆ, ಕಲಬುರಗಿಯಲ್ಲಿ ವಿಮಾನ ನಿಲ್ದಾಣ. ಎಲ್ಲಿ ಹಾರಿಸುವುದಾದರೂ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗ ಹಸಿರಾ (ಹಾರಿಸಬಹುದು), ಹಳದಿಯಾ (ಅನುಮತಿ ಬೇಕು), ಕೆಂಪಾ (ನಿಷೇಧ) ಅಂತ ಮೊದಲು ನೋಡಿ. 250 ಗ್ರಾಂಗಿಂತ ಭಾರದ ಡ್ರೋನ್ ಅನ್ನು ಸಂಪಾದನೆಗೆ ಹಾರಿಸಲು ರಿಮೋಟ್ ಪೈಲಟ್ ಸರ್ಟಿಫಿಕೇಟ್ ಬೇಕು. ಕೋಟೆ ಪುರಾತತ್ವ ಇಲಾಖೆಯದ್ದು, ದುಡ್ಡಿನ ಶೂಟಿಂಗ್‌ಗೆ ಮುಂಚೆಯೇ ಅನುಮತಿ ತಗೊಳ್ಳಬೇಕು. ಜೋಡಿಯನ್ನು ಕರೆದುಕೊಂಡು ಹೋಗಿ ಗೇಟಿನಲ್ಲಿ ವಾಪಸ್ ಬರುವ ಹಾಗಾಗಬಾರದು.

ಪ್ರಶ್ನೆ: ನಮ್ಮ ಮಾವನದು ಬಸ್ ಸ್ಟ್ಯಾಂಡ್ ಹತ್ತಿರ ಖಾನಾವಳಿ. ಜೋಳದ ರೊಟ್ಟಿ ಊಟ. ಅವರಿಗೊಂದು ವೆಬ್‌ಸೈಟ್ ಮಾಡಿ ಕೊಡೋಣ ಅಂತ. ಎಷ್ಟು ತಗೊಳ್ಳಬಹುದು?
(ಓದುಗ, ಬಸವಕಲ್ಯಾಣ)

ಉತ್ತರ: ವೆಬ್‌ಸೈಟಿಗೆ ಏನೂ ತಗೊಳ್ಳಬೇಡಿ, ಯಾಕಂದರೆ ಅವರಿಗೆ ಅದು ಬೇಡ. ಬಸ್ ಇಳಿದವರು ಗೂಗಲ್ ಮ್ಯಾಪ್‌ನಲ್ಲಿ ಊಟ ಹುಡುಕುತ್ತಾರೆ. ಅಲ್ಲಿ ಖಾನಾವಳಿಯ ಹೆಸರು ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಇರಲಿ, ಫೋನ್ ನಂಬರ್, ತೆರೆಯುವ ಹೊತ್ತು, ವಾರದ ರಜೆ ಸರಿಯಾಗಿರಲಿ. ಇದಕ್ಕೆ ಗೂಗಲ್ ದುಡ್ಡು ಕೇಳುವುದಿಲ್ಲ. ನೀವು ತಗೊಳ್ಳಬೇಕಾದದ್ದು ಫೋಟೊದ ದುಡ್ಡು. ಮಧ್ಯಾಹ್ನದ ಗದ್ದಲಕ್ಕೆ ಮೊದಲು ಹೋಗಿ, ಕಿಟಕಿ ಪಕ್ಕದ ಮೇಜಿನ ಮೇಲೆ ಪೂರ್ತಿ ತಾಟು ಇಟ್ಟು ಮೇಲಿಂದ ಒಂದು, ರೊಟ್ಟಿ ಬಡಿಯುವವರ ಕೈ ಒಂದು, ರಸ್ತೆಯಿಂದ ಬೋರ್ಡ್ ಕಾಣುವ ಹಾಗೆ ಒಂದು. ದರಪಟ್ಟಿಯ ಫೋಟೊ ದರ ಬದಲಾದಾಗಲೆಲ್ಲ ಹೊಸದು ಹಾಕಿ, ಹಳೆ ದರ ನೋಡಿ ಬಂದವರು ಗಲ್ಲಾದ ಮುಂದೆ ವಾದಕ್ಕೆ ನಿಲ್ಲುತ್ತಾರೆ. ಮೂರು ತಿಂಗಳಿಗೊಮ್ಮೆ ಹೋಗಿ ಇದನ್ನೆಲ್ಲ ಸರಿ ಮಾಡಿ ಕೊಡುವುದಕ್ಕೆ ಒಂದು ಸಣ್ಣ ಮೊತ್ತ ಮಾತಾಡಿಕೊಳ್ಳಿ. ಅದೇ ಸಾಲಿನಲ್ಲಿರುವ ಲಾಡ್ಜ್, ಸ್ವೀಟ್ ಅಂಗಡಿ, ಔಷಧಿ ಅಂಗಡಿಯವರಿಗೂ ಇದೇ ಕೆಲಸ ಬೇಕಿರುತ್ತದೆ. ಮಾವನ ಊಟ ಮಾಡಿಯೇ ಅವರ ಹತ್ತಿರ ಹೋಗಿ.